ಕಾಮೆಂಟ್ ಓದುವವನು

“ಹಸಿರು ಬಣ್ಣ ನಿಮಗೆ ತುಂಬಾ ಒಪ್ಪುತ್ತೆ” ಎಂದು ಪಾಲಾಕ್ಷ ತನ್ನ ಹೆಂಡತಿಗೆ ಹೇಳಿದ. ಬಾಯಿ ಅವನದು, ಮಾತು ಹೊಸಪೇಟೆ ಕಡೆಯ ಯಾವನದೋ. ಆ ಮನುಷ್ಯನ ಹೆಸರಿನ ಪಕ್ಕದ ಗುಂಡು ಚಿತ್ರದಲ್ಲಿ ಮುಖವೂ ಇರಲಿಲ್ಲ, ಒಂದು ಬೈಕಿತ್ತು. ಜ್ಯೋತಿಲಕ್ಷ್ಮಿ “ಥ್ಯಾಂಕ್ಯೂ ಸರ್, ಮನೇಲಿ ಮೇಡಂಗೂ ತೋರಿಸ್ರಿ” ಎಂದು ನಕ್ಕಳು. ನಕ್ಕಿದ್ದು ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಫೋನಿಗೆ. ಫೋನಿನ ಹಿಂದೆ ನಿಂತಿದ್ದ ಪಾಲಾಕ್ಷನಿಗೆ ಆ ನಗು ಎದೆಯ ಮಟ್ಟಕ್ಕೆ ಬಂದು ನಿಂತಂತಾಯಿತು. ಲೈವ್ ನಡೆಯುವಾಗ ಕಣ್ಣು ಆಚೀಚೆ ಹೋಗಬಾರದು ಎಂದು ಕಂಪನಿ ನಡೆಸುವ ಮಹಾಂತೇಶ ಅವಳಿಗೆ ಮೊದಲೇ ಹೇಳಿಕೊಟ್ಟಿದ್ದ. ನೋಡುವವರಿಗೆ ತಮ್ಮನ್ನು ಬಿಟ್ಟು ಬೇರೆ ಯಾರನ್ನೋ ನೋಡುತ್ತಿದ್ದಾಳೆ ಅನ್ನಿಸಿದರೆ ಅವರು ಹೆಬ್ಬೆರಳಿನಿಂದ ಒಮ್ಮೆ ತಳ್ಳಿ ಇನ್ನೊಂದು ಕಡೆ ಹೋಗಿಬಿಡುತ್ತಾರಂತೆ. ಬೇರೆ ಯಾರೋ ಅಂದರೆ ಕಟ್ಟಿಕೊಂಡ ಗಂಡ. ಪಾಲಾಕ್ಷ ಮುಂದಿನ ಸಾಲಿಗೆ ಹೋದ. “ಕೈ ಬಳೆ ಎಲ್ಲಿ ತಗೊಂಡ್ರಿ ಅಕ್ಕ” ಅಂತ ಓದಿದ. “ನಗು ಸೂಪರ್” ಅಂತ ಓದಿದ. ಕೆಂಪು ಹೃದಯಗಳು ಸಾಲಾಗಿ ಬಂದವು, ಅವನ್ನು ಓದುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಬಿಟ್ಟ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನು ಫೋನಿನಲ್ಲಿ ತೋರಿಸಿ, ಫೋನಿನಲ್ಲೇ ಮಾರಿ, ಕೊರಿಯರಿನಲ್ಲಿ ಕಳಿಸುವ ಈ ಕಂಪನಿಗೆ ಕೆಂಪಂಚು ಎಂದು ಹೆಸರು. ಇದ್ದದ್ದು ಚಳ್ಳಕೆರೆಯಲ್ಲಿ, ಮಹಾಂತೇಶನ ಅಪ್ಪ ತೋಟಪ್ಪನವರ ಎಣ್ಣೆ ಮಿಲ್ಲಿನ ಹಿಂದಿನ ಗೋದಾಮಿನಲ್ಲಿ. ಮಿಲ್ಲು ನಿಂತು ಕಾಲವಾಗಿದ್ದರೂ ಗೋಡೆಗಳು ಕಡಲೆಕಾಯಿ ಎಣ್ಣೆಯ ಕಮಟು ಬಿಟ್ಟಿರಲಿಲ್ಲ. ಸೀರೆಗೆ ಹತ್ತಬಾರದೆಂದು ಎರಡು ಹೊತ್ತೂ ಊದುಬತ್ತಿ ಹಚ್ಚುತ್ತಿದ್ದರು. ಪಾರ್ಸಲ್ ಬಿಚ್ಚಿದವರಿಗೆ ದೇವಸ್ಥಾನವೂ ಬೋಂಡದ ಅಂಗಡಿಯೂ ಒಟ್ಟಿಗೇ ನೆನಪಾಗುತ್ತಿದ್ದಿರಬೇಕು. ಪಾಲಾಕ್ಷ ಇಲ್ಲಿ ಮೊದಲು ಸೇರಿದ್ದು ಮಾಲು ತರುವವನಾಗಿ. ಅವನ ಅಪ್ಪ ಜಯಣ್ಣ ಮೊಳಕಾಲ್ಮೂರಿನಲ್ಲಿ ಕೂಲಿಗೆ ಮಗ್ಗ ನೇಯುತ್ತಿದ್ದವನು, ಹಾಗಾಗಿ ಬೀದಿ ಬೀದಿಯ ನೇಕಾರರು ಇವನನ್ನು ಜಯಣ್ಣನ ಮಗ ಎಂದೇ ಒಳಗೆ ಕರೆದು ಕೂರಿಸುತ್ತಿದ್ದರು. ಲೈವ್ ಶುರುವಾದಾಗ ಮಹಾಂತೇಶ ಇವನನ್ನೇ ಫೋನಿನ ಮುಂದೆ ನಿಲ್ಲಿಸಿದ್ದ. ಪಾಲಾಕ್ಷ ಬಿಳಿ ಅಂಗಿ ಹಾಕಿ, ತಲೆಗೆ ನೀರು ಹಚ್ಚಿ ಬಾಚಿ, ಒಡಲಿನ ನೂಲು ಅಂಚಿನ ನೂಲನ್ನು ಹೇಗೆ ಹಿಡಿದುಕೊಳ್ಳುತ್ತದೆ, ಲಾಳಿ ಯಾವಾಗ ಬದಲಾಗುತ್ತದೆ ಎಂಬುದನ್ನೆಲ್ಲ ಸೀರೆಯ ಹಿಂಬದಿ ತಿರುಗಿಸಿ ತಾಳ್ಮೆಯಿಂದ ವಿವರಿಸಿದ್ದ. ನೋಡುವವರು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಉಳಿದವನೊಬ್ಬ “ಅಂಕಲ್, ಕ್ಲಾಸ್ ಮುಗೀತಾ?” ಎಂದು ಬರೆದಿದ್ದ. ಮಹಾಂತೇಶ ನಗಲಿಲ್ಲ. ಅವನು ನಗಲಿಲ್ಲವಲ್ಲ ಎಂಬುದೇ ಪಾಲಾಕ್ಷನಿಗೆ ಇವತ್ತಿಗೂ ಚುಚ್ಚುತ್ತದೆ. ನಕ್ಕಿದ್ದರೆ ಇಬ್ಬರೂ ಸೇರಿ ಮರೆತುಬಿಡಬಹುದಿತ್ತು.

ಆ ವಾರವೇ ಇರಬೇಕು, ಜ್ಯೋತಿ ಅವನ ಊಟದ ಡಬ್ಬಿ ತಂದಿದ್ದಳು. ಸೀರೆ ಹೊದ್ದು ನಿಲ್ಲಲು ಗೊತ್ತು ಮಾಡಿದ್ದ ಹುಡುಗಿ ಬಂದಿರಲಿಲ್ಲ. “ಅಕ್ಕಾ, ಸುಮ್ನೆ ಹೆಗಲ ಮೇಲೆ ಹಾಕ್ಕಂಡು ನಿಂತ್ಕಳ್ರಿ, ಮಾತೇನೂ ಬೇಡ” ಅಂದ ಮಹಾಂತೇಶ. ಅವಳು ಡಬ್ಬಿ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ನಿಂತಳು. ಮೂಲೆಯಿಂದ ಪಾಲಾಕ್ಷ ಕಣ್ಣಲ್ಲೇ ನೆಟ್ಟಗೆ ನಿಲ್ಲು ಎಂದ. ಅವಳು ರೇಷ್ಮೆಯನ್ನು ಕೆನ್ನೆಗೆ ಒತ್ತಿಕೊಂಡು, “ಅಯ್ಯ, ಬಿಸಿಲಾಗೆ ಬಂದೀನಿ, ಇದು ತಣ್ಣಗೈತೆ ಕಣ್ರವ್ವ” ಅಂದಳು. ಅಷ್ಟೆ. ಒಡಲು, ಅಂಚು, ಲಾಳಿ ಯಾವುದೂ ಇಲ್ಲ. ಆ ಸೀರೆ ಅವಳ ಹೆಗಲಿನಿಂದ ಇಳಿಯುವ ಮೊದಲೇ ಮಾರಿಹೋಗಿತ್ತು. ಅವತ್ತು ಪಾಲಾಕ್ಷನಿಗೆ ಹೆಮ್ಮೆಯಾಗಿದ್ದು ಸುಳ್ಳಲ್ಲ. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಮನೆಗೆ ಹೋಗಿದ್ದ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದ. ಆ ಹೆಮ್ಮೆ ಯಾವತ್ತು ಹುಳಿಯಾಯಿತು ಎಂದು ಅವನು ಎಷ್ಟೋ ಸಲ ಹಿಂದಕ್ಕೆ ಹೋಗಿ ಹುಡುಕಿದ್ದಾನೆ. ಹಾಲು ಒಡೆದ ಗಳಿಗೆ ಯಾರಿಗೂ ಕಾಣುವುದಿಲ್ಲ, ಕಾಯಿಸಿದಾಗಲೇ ಗೊತ್ತಾಗುವುದು. ಅವಳು ವರವು ಕಾವಲು ಎಂಬ ಹುಲ್ಲುಗಾವಲಿನ ಪಕ್ಕದ ಹಟ್ಟಿಯವಳು. ಕಾವಲಿಗೆ ಕಾಂಪೌಂಡು ಬರುವ ತನಕ ಅಪ್ಪನ ಕುರಿಗಳ ಹಿಂದೆ ಹುಲ್ಲಿನಲ್ಲಿ ತಿರುಗಿದವಳು. ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಕೂಗಿ ಕರೆದು ಅಭ್ಯಾಸವಾದ ದನಿ. ಮದುವೆಯಾದಾಗಿನಿಂದ ಪಾಲಾಕ್ಷ ಅವಳಿಗೆ ಹೇಳಿದ್ದು ಒಂದೇ: ಮೆಲ್ಲಗೆ ಮಾತಾಡು, ಪಕ್ಕದ ಮನೆಗೆ ಕೇಳ್ತೈತೆ. ಈಗ ಅದೇ ದನಿ ಪಕ್ಕದ ಮನೆ ದಾಟಿ, ಜಿಲ್ಲೆ ದಾಟಿ, ಗೊತ್ತಿಲ್ಲದವರ ಅಡುಗೆಮನೆ, ಬಸ್ಸು, ಮಂಚಗಳಿಗೆಲ್ಲ ಹೋಗಿ ಕೂರುತ್ತಿತ್ತು, ಮತ್ತು ಅದನ್ನು ಕಳಿಸಿಕೊಡುವ ಕೆಲಸಕ್ಕೆ ತಿಂಗಳ ಸಂಬಳ ಎಣಿಸಿಕೊಳ್ಳುತ್ತಿದ್ದವನು ಅವನೇ.

“ಸೆರಗು ತೋರಿಸಿ ಅಂತಾವ್ರೆ” ಅಂದ. ಅವಳು ತೋರಿಸಿದಳು. ಬೆಳಿಗ್ಗೆಯಿಂದ ಅವನ ತಲೆಯಲ್ಲಿದ್ದದ್ದು ಸೆರಗಲ್ಲ. ಬೆಳಿಗ್ಗೆ ಬಂದ ತಕ್ಷಣ ಮಹಾಂತೇಶ ಅವನನ್ನು ಮಿಲ್ಲಿನ ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಚಹಾ ಕೊಡಿಸಿದ್ದ. ಮಹಾಂತೇಶ ವಯಸ್ಸಿನಲ್ಲಿ ಚಿಕ್ಕವನು, ಸರ್ ಅನ್ನಬೇಡಿ, ಕಂಪನಿಯಲ್ಲಿ ನಾವೆಲ್ಲ ಒಂದೇ ಎನ್ನುವವನು. ಹಾಗೆ ಒಂದೇ ಆಗಿದ್ದವರಲ್ಲಿ ಆಗಲೇ ಎಷ್ಟೋ ಜನ ಹೋಗಿದ್ದರು. ಪ್ಯಾಕಿಂಗಿನ ಶೃತಿ ಮೊಬೈಲ್ ಅಂಗಡಿ ಸೇರಿದ್ದಳು. ಕೊರಿಯರಿನವನು ಕರೆದರೆ ಮಾತ್ರ ಬರುತ್ತಿದ್ದ. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗರು ತಾವೇ ಮಗ್ಗದ ಮುಂದೆ ಫೋನು ಹಿಡಿದು ಮಾರಲು ಕಲಿತಿದ್ದರು, ಕಳೆದ ವಾರ ಪಾಲಾಕ್ಷ ಹೋದಾಗ ಅವನನ್ನು ಒಳಗೆ ಕರೆದು ಕೂರಿಸಿದರು, ನೀರು ಕೊಟ್ಟರು, ಸೀರೆ ಕೊಡಲಿಲ್ಲ. ಮದುವೆಗೆ ಉಟ್ಟು, ಬೆವರಿನ ಸಮೇತ ಮಡಿಸಿ, ಬಣ್ಣ ಹಿಡಿಸಲಿಲ್ಲ ಎಂದು ವಾಪಸು ಕಳಿಸಿದವರ ಸೀರೆಗಳು ಮಾತ್ರ ಗೋದಾಮಿನ ಮೂಲೆಯಲ್ಲಿ ಬೆಳೆಯುತ್ತಿದ್ದವು.

“ಪಾಲಾಕ್ಷಣ್ಣ, ತಪ್ಪು ತಿಳೀಬೇಡ್ರಿ” ಅಂದಿದ್ದ ಮಹಾಂತೇಶ, ಲೋಟದೊಳಗೆ ನೋಡುತ್ತ. “ಅಪ್ಪಾಜಿ ಗೋದಾಮು ಬಿಟ್ಟುಕೊಡು ಅಂತಾವ್ರೆ. ಈ ಸಲದ ಮದುವೆ ಮಾಲು ಕೂತ್ಕಂತು ಅಂದ್ರೆ ಒಬ್ಬರನ್ನ ಬಿಟ್ರೆ ಇನ್ನೊಬ್ಬರನ್ನ ಇಟ್ಕಳಾಕೆ ನನ್ ಕೈಲಿ ಆಗಲ್ಲ.”

“ಯಾರ್ನ ಇಟ್ಕಂತೀರಿ?” ಎಂದು ಪಾಲಾಕ್ಷ ಕೇಳಿದ್ದ. ಗೊತ್ತಿದ್ದೂ ಕೇಳಿದ್ದ.

“ಜ್ಯೋತಕ್ಕನ್ನ. ಮನೆ ವರಾಂಡದಾಗೇ ಒಂದು ಪರದೆ ಕಟ್ಟಿ ಮಾಡಿದ್ರಾತು. ಫೋನ್ ಹಿಡಿಯಾಕೆ ನಾನಿದ್ದೀನಲ್ಲ. ಕಾಮೆಂಟೂ ನಾನೇ ಓದ್ತೀನಿ.” ಆಮೇಲೆ, ಸಮಾಧಾನ ಮಾಡುವವನಂತೆ, “ಯಾವುದಾದ್ರೂ ದೊಡ್ಡ ಮದುವೆ ಪಾರ್ಟಿ ಒಂದೇ ಸಲಕ್ಕೆ ತಗಂಡ್ರೆ ಎಲ್ರೂ ಬಚಾವು. ಇವತ್ತು ಚೆನ್ನಾಗಿ ಮಾಡನ. ಅಕ್ಕಂಗೆ ನೀವೇ ಹೇಳ್ರಿ” ಅಂದ.

ಪಾಲಾಕ್ಷ ಹೇಳಿರಲಿಲ್ಲ. ಕೆಲಸ ಹೋಗುತ್ತದೆ ಎಂಬುದು ಹೊಟ್ಟೆಯ ವಿಷಯ, ಮೊದಲು ಕಾಡಬೇಕಾದ್ದು ಅದೇ. ಕಾಡಿದ್ದು ಬೇರೆ ಮಾತು. ಕಾಮೆಂಟೂ ನಾನೇ ಓದ್ತೀನಿ. ಮಹಾಂತೇಶನ ಬಾಯಿಯಿಂದ ಅವಳಿಗೆ “ಈ ಬಣ್ಣ ನಿಮಗೆ ಒಪ್ಪುತ್ತೆ” ಎಂಬಂಥ ಮಾತು ಹೋಗುವುದನ್ನು ಅವನು ಚಹಾ ಕುಡಿಯುತ್ತಲೇ ಕಂಡ. ಮಹಾಂತೇಶ ಒಳ್ಳೆಯ ಹುಡುಗ, ಕಣ್ಣೆತ್ತಿ ನೋಡುವವನಲ್ಲ, ಅವಳಿಗೆ ಕುರ್ಚಿ ತರಿಸಿಕೊಟ್ಟವನು, ಫ್ಯಾನು ಅವಳ ಕಡೆ ತಿರುಗಿಸಿಟ್ಟವನು. ಪಾಲಾಕ್ಷನಿಗೆ ಕೊಟ್ಟದ್ದು ಎಣ್ಣೆ ಡಬ್ಬ, ಬೇಕಾದರೆ ಅದರ ಮೇಲೆ ಕೂರಬಹುದು. ಹಾಗಂತ ಕೆಟ್ಟ ಮಾತೊಂದೂ ಇಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು.

ಈಚೆಗೆ ಯಾರು ಕೆಟ್ಟವರು ಎಂದು ಹೇಳುವುದೇ ಅವನಿಗೆ ಕಷ್ಟವಾಗುತ್ತಿತ್ತು. ಮೊನ್ನೆ ಕಟಿಂಗ್ ಶಾಪಿನಲ್ಲಿ ಕೂತಿದ್ದಾಗ ಪಕ್ಕದವನ ಫೋನಿನಲ್ಲಿ ದನಿ ಮುಚ್ಚಿದ ಜ್ಯೋತಿ ಕೈ ಆಡಿಸುತ್ತಿದ್ದಳು. ಆ ಮನುಷ್ಯ ಎರಡು ಬೆರಳು ಇಟ್ಟು ಚಿತ್ರವನ್ನು ಹಿಗ್ಗಿಸಿದ. ಅಂಚು ನೋಡುತ್ತಿದ್ದನೋ ಏನೋ. ಮೊಳಕಾಲ್ಮೂರು ಸೀರೆಯ ಅಂಚು ಹಿಗ್ಗಿಸಿ ನೋಡುವಂಥದ್ದೇ, ಪಾಲಾಕ್ಷನೇ ಜನಕ್ಕೆ ಹಾಗೆ ನೋಡಿ ಎಂದು ಪಾಠ ಹೇಳಿದವನು. ಅವನು ಎದ್ದು, ಆಮೇಲೆ ಬರ್ತೀನಿ ಎಂದು ಗಡ್ಡ ಹಾಗೇ ಇಟ್ಟುಕೊಂಡು ಬಂದ. ಮನೆಯಲ್ಲಿ ಅವಳು ಬಣ್ಣ ಹೋದ ನೈಲಾನ್ ಸೀರೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗ್ಗದವನ ಮಗ ಅವಳಿಗೆ ಒಂದು ರೇಷ್ಮೆ ಸೀರೆಯನ್ನೂ ತಂದಿರಲಿಲ್ಲ; ಮದುವೆಗೂ ಅಂಗಡಿಯ ಪಾಲಿಯೆಸ್ಟರೇ. ಅಪ್ಪ ನೇಯ್ದದ್ದೆಲ್ಲ ಸಾವ್ಕಾರರ ಮನೆಗೆ ಹೋಗುತ್ತಿತ್ತು ಎಂಬುದು ನೆಪ, ತರಬೇಕು ಎಂದು ಅವನಿಗೆ ತೋಚಲೇ ಇಲ್ಲ ಎಂಬುದು ನಿಜ. ಈಗ ಅವಳು ದಿನಕ್ಕೆ ಎಷ್ಟೋ ರೇಷ್ಮೆ ಹೊದ್ದು ಮಡಿಸಿಟ್ಟು ಬಂದು, ಮನೆಯ ನೈಲಾನಿಗೆ ಇಳಿಯುತ್ತಾಳೆ. ಊರೆಲ್ಲ ನೋಡುವ ಜ್ಯೋತಿ ಒಬ್ಬಳು, ಅವನ ಪಾಲಿಗೆ ಉಳಿದ ಜ್ಯೋತಿ ಒಬ್ಬಳು. ರೊಟ್ಟಿ ಬಡಿಯುವವಳಿಗೆ “ಚೆಂದ ಕಾಣ್ತೀಯ” ಅನ್ನಲು ಹೋಗಿ ಅವನು ಬಾಯಿ ಮುಚ್ಚಿಕೊಂಡಿದ್ದ. ದಿನವಿಡೀ ಯಾರದೋ ಪರವಾಗಿ ಆ ಮಾತು ಆಡಿ ಆಡಿ ಅದು ಎಂಜಲಾಗಿತ್ತು.

ಲೈವ್‌ನಲ್ಲಿ ಅವಳು ಅವನನ್ನು ರೀ ಅನ್ನುವಂತಿಲ್ಲ. ಅದೂ ಮಹಾಂತೇಶನ ಬುದ್ಧಿವಾದ, ಗಂಡ ಪಕ್ಕದಲ್ಲೇ ಇದ್ದಾನೆ ಎಂದರೆ ಜನ ಬಿಗಿಯಾಗುತ್ತಾರಂತೆ. ಒಂದು ದಿನ ಯಾರೋ “ಓದುವ ದನಿ ಯಾರದು?” ಎಂದು ಬರೆದಿದ್ದರು. ಪಾಲಾಕ್ಷ ಅದನ್ನೂ ಓದಿದ, ಸ್ವಲ್ಪ ನಿಧಾನವಾಗಿ, ಸ್ವಲ್ಪ ಆಸೆಯಿಂದ. ಜ್ಯೋತಿ ಸೀರೆಯ ಮಡಿಕೆ ಸರಿಮಾಡುತ್ತ “ನಮ್ ಆಫೀಸ್ನೋರು” ಅಂದುಬಿಟ್ಟಳು. ಅವಳು ತಡವರಿಸಲಿಲ್ಲ. ತಡವರಿಸಿದ್ದರೆ ಕ್ಷಮಿಸುತ್ತಿದ್ದ.

ಇವರೆಲ್ಲರನ್ನೂ ಹೇಗೋ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದವನು ಗೋವರ್ಧನ. ಯುಗಾದಿ ಕಳೆದ ಮೇಲೆ ಬಂದವನು. ಗುಂಡು ಚಿತ್ರದಲ್ಲಿ ಕಪ್ಪು ಕನ್ನಡಕ ಹಾಕಿ, ಹೂವಿನ ಹಾರ ಹಾಕಿದ ಲಾರಿಗೆ ಒರಗಿ ನಿಂತಿದ್ದ, ತೋಳು ತುಂಬಿಕೊಂಡ ಗಂಡಸು. ಉಳಿದವರು ಅಕ್ಕ, ಮೇಡಂ, ಸಿಸ್ಟರ್ ಅಂದರೆ ಇವನು ನೇರವಾಗಿ ಏಕವಚನ. “ಊಟ ಮಾಡ್ದೇನೆ?” “ಆ ಮೂಗುಬೊಟ್ಟು ಹಾಕ್ಕೋ, ಅದೇ ಲಕ್ಷಣ.” “ಇವತ್ತು ತಿರುಗಿ ನಿಂತ್ಕೊ, ಜಡೆ ಕಾಣ್ಲಿ.” ಮೊದಲ ದಿನ ಓದುವಾಗ ಪಾಲಾಕ್ಷ ಮಾಡ್ದೇನೆ ಎಂಬುದನ್ನು ಮಾಡಿದ್ರಾ ಎಂದು ತಿದ್ದಿ ಓದಿದ. ಜ್ಯೋತಿ ನಕ್ಕು ಉತ್ತರ ಕೊಟ್ಟಳು. ಒಂದು ದಿನ ಗೋವರ್ಧನ “ಯಾಕೆ ಸೊರಗಿದ್ದೀಯ, ಜ್ವರಾನಾ?” ಎಂದು ಬರೆದ. ಪಾಲಾಕ್ಷ ಓದಿದ ಮೇಲೆಯೇ ಅವಳ ಮುಖ ನೋಡಿದ್ದು. ಹೌದು, ಕಣ್ಣು ಕೆಂಪಾಗಿತ್ತು. ಬೆಳಿಗ್ಗೆ ಅವಳು ಮೆಲ್ಲಗೆ ಎದ್ದಿದ್ದು, ಬಿಸಿನೀರು ಕುಡಿದಿದ್ದು ಎಲ್ಲ ಅವನ ಕಣ್ಣಮುಂದೆಯೇ ಆಗಿತ್ತು. ಒಂದೇ ಚಾಪೆಯಲ್ಲಿ ಮಲಗಿ ಎದ್ದವನಿಗೆ ಕಾಣದ್ದು ಎಲ್ಲೋ ಲಾರಿಗೆ ಒರಗಿ ನಿಂತವನಿಗೆ ಕಂಡಿತಲ್ಲ! ಆವತ್ತಿನಿಂದ ಅವನು ಗೋವರ್ಧನನನ್ನು ದ್ವೇಷಿಸಿದ. ಜ್ವರ ನೋಡಿದ್ದಕ್ಕಾಗಿಯೇ ದ್ವೇಷಿಸಿದ. ಬಿಡುವು ಸಿಕ್ಕಾಗ ಅವನ ಪುಟ ತೆಗೆದು ನೋಡುತ್ತಿದ್ದ: ಲಾರಿ, ಲಾರಿಯ ಪೂಜೆ, ಯಾವುದೋ ಜಾತ್ರೆಯ ಗುಂಪಿನಲ್ಲಿ ಲಾರಿ. ತನ್ನ ತೋಳನ್ನು ಬಚ್ಚಲಿನಲ್ಲಿ ಬಿಗಿದು ನೋಡಿಕೊಂಡ. ನಾಚಿಕೆಯಾಯಿತು, ನಾಚಿಕೆಯಾದರೂ ಮಾರನೆಯ ದಿನ ಮತ್ತೆ ನೋಡಿಕೊಂಡ. ಇತ್ತೀಚೆಗಂತೂ ಲೈವ್ ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳೇ ಕೇಳಲು ಶುರುಮಾಡಿದ್ದಳು, ಗೋವರ್ಧನ ಅವ್ರು ಬಂದವ್ರಾ ಅಂತ.

“ಗೋವರ್ಧನ ಅವ್ರು ಬಂದಿಲ್ವಾ ಇವತ್ತು?” ಎಂದು ಜ್ಯೋತಿ ಈಗಲೂ ಕೇಳಿದಳು, ಹಸಿರು ಸೀರೆಯ ಸೆರಗನ್ನು ಮೊಣಕೈ ಮೇಲೆ ಹರಡಿಕೊಳ್ಳುತ್ತ.

“ಇನ್ನೂ ಬಂದಿಲ್ಲ” ಅಂದ ಪಾಲಾಕ್ಷ.

ಬಂದಿದ್ದ. ಆಗಲೇ ಬಂದು, “ಹಸಿರು ಒಪ್ಪೈತೆ” ಎಂದು ಬರೆದು, ಉತ್ತರ ಬರದಿದ್ದಕ್ಕೆ “ಕೇಳಿಸ್ತಾ?” ಎಂದು ಇನ್ನೊಂದು ಬರೆದಿದ್ದ. ಪಾಲಾಕ್ಷ ಎರಡನ್ನೂ ಹಾಗೇ ಮೇಲಕ್ಕೆ ಹೋಗಲು ಬಿಟ್ಟಿದ್ದ. ಬಿಡುವಾಗ ಒಂದು ಸುಖವಾಯಿತು, ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ನಾಲಿಗೆಯಿಂದ ತೆಗೆದಂಥ ಸುಖ. ಈ ಕೆಲಸದಲ್ಲಿ ತನಗೂ ಒಂದು ಅಧಿಕಾರವಿದೆ ಎಂಬುದು ಅವನಿಗೆ ಹೊಸದಾಗಿ ಹೊಳೆಯಿತು. ಲೋಕದವರೆಲ್ಲ ಅವಳನ್ನು ಮುಟ್ಟಬೇಕಾದರೆ ಅವನ ಬಾಯಿಯ ಮೂಲಕವೇ ಹೋಗಬೇಕು. ಬಾಗಿಲು ಹಾಕಿಕೊಂಡರೆ ಮುಗಿಯಿತು. ಮುಂದಿನ ತಿಂಗಳು ಈ ಬಾಗಿಲು ಮಹಾಂತೇಶನದು. ಆಗ ಅವನು ಎಲ್ಲವನ್ನೂ ಓದುತ್ತಾನೆ, ಒಂದನ್ನೂ ಬಿಡದೆ, ನಗುತ್ತ ಓದುತ್ತಾನೆ. ಬೊಮ್ಮನಹಳ್ಳಿಯ ಟೀಚರಮ್ಮ ಒಬ್ಬರು ಸೀರೆಯ ಉದ್ದ ಕೇಳಿದರು, ಓದಿದ. ನನ್ನಿವಾಳದ ಯಾರೋ ಅಂಗಡಿ ಎಲ್ಲಿದೆ ಎಂದು ಕೇಳಿದರು, ಓದಿದ. ಯಾರೂ ಕೊಳ್ಳುತ್ತಿರಲಿಲ್ಲ. ಜ್ಯೋತಿಯ ಮೇಲುತುಟಿಯಲ್ಲಿ ಬೆವರು ಕೂತಿತ್ತು. ದನಿಯನ್ನು ಇನ್ನಷ್ಟು ಎತ್ತಿ, ಕಾವಲಿನ ಆಚೆ ದಿಬ್ಬಕ್ಕೆ ಕೂಗುವವಳಂತೆ, “ಬರ್ರಿ ಅಕ್ಕಂದಿರೇ, ಮದುವೆ ಸೀರೆ ಐತೆ” ಅನ್ನುತ್ತಿದ್ದಳು. ಆಗ ಗೋವರ್ಧನನ ಮೂರನೆಯ ಸಾಲು ಬಂತು.

“ನಿನ್ ಹತ್ರ ಒಂದು ದೊಡ್ಡ ವಿಷಯ ಮಾತಾಡ್ಬೇಕು. ನಿನ್ ಹತ್ರಾನೇ. ಆ ಗಂಡಸಿನ ಹತ್ರ ಅಲ್ಲ.”

ಪಾಲಾಕ್ಷನ ಕಿವಿ ಬಿಸಿಯಾಯಿತು. ಆ ಗಂಡಸು. ಎದುರಿಗೆ ಜ್ಯೋತಿ ಏನೂ ಅರಿಯದೆ ಸೆರಗು ಬೀಸುತ್ತಿದ್ದಳು, ಅಥವಾ ಎಲ್ಲ ಅರಿತೇ ಬೀಸುತ್ತಿದ್ದಳು. ಅವಳು ದಿನಾ ಕೇಳುವುದು ಇದಕ್ಕೇ, ಕಾಯುವುದು ಇದಕ್ಕೇ. ಅವನ ಹೆಬ್ಬೆರಳು ಆ ಹೆಸರಿನ ಮೇಲೆ ಒತ್ತಿ ನಿಂತಿತು. ಬ್ಲಾಕ್ ಮಾಡುವುದೇ ಎಂದು ಫೋನು ಕೇಳಿತು. ಪಾರ್ಟಿ ಯಾವುದೇ ಆಗಲಿ, ಗಿರಾಕಿಯನ್ನು ತಳ್ಳಬಾರದು ಎಂದು ಮಹಾಂತೇಶ ಹೇಳಿದ್ದು ನೆನಪಿತ್ತು. ನೆನಪಿದ್ದೂ ಒತ್ತಿದ. ಗೋವರ್ಧನ, ಅವನ ಲಾರಿ, ಕನ್ನಡಕ ಎಲ್ಲ ಒಟ್ಟಿಗೆ ಮಾಯವಾದವು. ಪಾಲಾಕ್ಷ ಉಸಿರು ಬಿಟ್ಟು “ಕೆಂಪು ಬುಟ್ಟಾದ್ದು ತೋರಿಸಿ ಅಂತಾವ್ರೆ” ಎಂದು ಯಾರೂ ಬರೆಯದ ಕಾಮೆಂಟೊಂದನ್ನು ಓದಿದ.

ಅವಳು ಕೆಂಪು ಬುಟ್ಟಾದ ಸೀರೆಗೆ ಕೈ ಹಾಕುತ್ತಿದ್ದಾಗ ಪ್ಯಾಕಿಂಗ್ ಕೋಣೆಯಲ್ಲಿ ಆಫೀಸಿನ ಫೋನು ಬಡಿದುಕೊಂಡಿತು. ಮಹಾಂತೇಶ ಬ್ಯಾಂಕಿಗೆ ಹೋಗಿದ್ದ. ಪಾಲಾಕ್ಷ ಸ್ಟ್ಯಾಂಡು ಬಿಟ್ಟು ಒಳಗೆ ಹೋಗಿ ಎತ್ತಿದ.

“ಕೆಂಪಂಚಾ?” ಎಂದಿತು ಒಂದು ಮುದಿ ದನಿ. “ನಾನು ಲಕ್ಷ್ಮೀದೇವಿ ಅಂತ ನಾಯನಾ, ಕೊಂಡ್ಲಹಳ್ಳಿಯಿಂದ. ನೋಡ್ತಾ ನೋಡ್ತಾ ಇದ್ದಂಗೇ ಆ ಹುಡುಗಿ ಮಾಯ ಆಗಿಬಿಟ್ಲು. ನನ್ ಫೋನ್ ಕೆಟ್ಟೈತೋ, ನಿಮ್ದೇ ಹೋಗೈತೋ?”

“ಯಾವ ಹೆಸ್ರಾಗೆ ನೋಡ್ತಿದ್ರಿ ಅಮ್ಮ?”

“ನಂದೆಲ್ಲೈತಪ್ಪ ಹೆಸ್ರು. ನಮ್ ಗೋವರ್ಧನ ಹೊಸಾದು ತಗಂಡು ಹಳೇದು ನಂಗೆ ಕೊಟ್ಟವ್ನೆ, ಅದ್ರಾಗೆ ಅವಂದೇ ಹೆಸ್ರು, ಅವಂದೇ ಫೋಟೋ. ನಂಗೆ ಬರೆಯಾಕೂ ಬರಲ್ಲ, ಬಾಯಾಗೆ ಹೇಳಿದ್ರೆ ಅದೇ ಬರ್ಕಂತೈತೆ.”

ಪಾಲಾಕ್ಷ ವಾಪಸು ಬಂದ ಸೀರೆಗಳ ರಾಶಿಯ ಮೇಲೆ ಕೂತ. ಮುದುಕಿ ಹೇಳುತ್ತಾ ಹೋದಳು. ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು. ಬೀಗರ ಕಡೆಯ ಹೆಣ್ಣುಮಕ್ಕಳಿಗೆ, ತಮ್ಮ ಕಡೆಯ ಹೆಣ್ಣುಮಕ್ಕಳಿಗೆ, ಎಲ್ಲರಿಗೂ ಮೊಳಕಾಲ್ಮೂರು ಸೀರೆಯನ್ನೇ ಉಡಿಸುತ್ತೇನೆಂದು ಹರಕೆ ಹೊತ್ತವಳಂತೆ ಕೂತಿದ್ದಳು. “ಮೊಳಕಾಲ್ಮೂರು ಇಲ್ಲೇ ಐತಲ್ಲವ್ವ, ಗಾಡೀಲಿ ಹೋಗಿ ತುಂಬ್ಕಂಡು ಬರ್ತೀನಿ ಅಂತಾನೆ ಮಗ. ಗಂಡಸು ತಂದ ಸೀರೆ ಎಂಗಿರ್ತೈತೆ ನೀನೇ ಹೇಳು. ನಂಗೆ ಮಂಡಿ ಹಿಡಿದು ಹೊಸ್ಲು ದಾಟಾಕಾಗಲ್ಲ. ಆ ಹುಡುಗಿ ತೋರ್ಸಿದ್ರೆ ನನ್ ಕೈಯಾಗೇ ಮುಟ್ಟಿದಂಗಾಗ್ತೈತೆ. ಎಲ್ಲಾ ಅವಳ ಕೈಲೇ ಆರಿಸ್ತೀನಿ. ಅವಳಿಗೆ ಕೊಡಪ್ಪ ಫೋನು.” ಆಮೇಲೆ, “ನಿನ್ ದನಿ ಆ ಓದೋನ ದನಿ ಇದ್ದಂಗೈತಲ್ಲ. ನೀನೇ ಅಲ್ವಾ ಅವಳ ಗಂಡ?” ಅಂದಳು.

“ಯಾರ್ ಹೇಳಿದ್ರು?”

“ಅವಳೇ ಹೇಳಿದ್ಲು. ಒಂದ್ಸಲ ಪಾರ್ಸಲ್ ಬರ್ಲಿಲ್ಲ ಅಂತ ಫೋನ್ ಮಾಡಿದ್ನಲ್ಲ, ಅವಾಗ. ಓದೋದು ನಮ್ ಯಜಮಾನ್ರು, ನೀನು ಹೆಂಗಸು ಅಂತ ಅವ್ರಿಗೆ ಹೇಳ್ಬೇಡವ್ವ ಅಂದ್ಲು. ಯಾಕಮ್ಮಿ ಅಂದೆ. ನೀನು ಬರೆದಿದ್ದು ಓದೋವಾಗ ಅವ್ರ ಮಖ ನೋಡ್ಬೇಕು, ಅವಾಗ್ಲೇ ಅವ್ರು ನನ್ನ ನೋಡೋದು ಅಂತ ನಗಾಡಿದ್ಲು.” ಮುದುಕಿಯೂ ನಕ್ಕಳು. “ಅದ್ಕೇ ನಾನೂ ಒಂದೆರಡು ಜಾಸ್ತಿ ಸೇರಿಸ್ತಿದ್ದೆ.”

ಇಲ್ಲಿ ಪಾಲಾಕ್ಷ ಕರಗಬೇಕಿತ್ತು. ಕರಗುವ ಸಮಯ ಎಂದು ಅವನಿಗೇ ಅನ್ನಿಸಿತು. ಎದೆಯಲ್ಲಿ ಏನೋ ಸಡಿಲವಾಗುವುದಕ್ಕೆ ಒಂದು ಗಳಿಗೆ ಕಾದ. ಅವಳು ತನ್ನನ್ನು ನೋಡುವುದಿಲ್ಲ ಎಂದು ಅವನು ಅಂದುಕೊಂಡಿದ್ದ ಹೊತ್ತಿನಲ್ಲೆಲ್ಲ ಅವಳು ನೋಡಿದ್ದಳು. ಆಫೀಸ್ನೋರು ಎಂದು ಊರಿಗೆ ಹೇಳಿದವಳು ಕೊಂಡ್ಲಹಳ್ಳಿಯ ಮುದುಕಿಯೊಬ್ಬಳಿಗೆ ಯಜಮಾನ್ರು ಎಂದು ಹೇಳಿಕೊಂಡಿದ್ದಳು. ಆದರೆ ಸಡಿಲವಾಗುವುದರ ಬದಲು ಅದು ಇನ್ನಷ್ಟು ಬಿಗಿಯಿತು. ಇಬ್ಬರೂ ಸೇರಿ ನಕ್ಕಿದ್ದಾರೆ. ಬಚ್ಚಲಿನಲ್ಲಿ ತೋಳು ಬಿಗಿದು ನೋಡಿಕೊಂಡ ದಿನಗಳಲ್ಲಿ, ಮಾಡ್ದೇನೆ ಎಂಬುದನ್ನು ಮಾಡಿದ್ರಾ ಎಂದು ತಿದ್ದಿ ಓದಿದ ದಿನಗಳಲ್ಲಿ, ಇವರಿಬ್ಬರು ನಕ್ಕಿದ್ದಾರೆ. ಅವಾಗ್ಲೇ ಅವ್ರು ನನ್ನ ನೋಡೋದು ಎಂಬ ಮಾತನ್ನು ಅವಳು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ರೊಟ್ಟಿ ಬಡಿಯುತ್ತ ಹೇಳಬಹುದಿತ್ತು, ಬಸ್ಸಿನಲ್ಲಿ ಹೇಳಬಹುದಿತ್ತು. ಮುಖ ನೋಡದ ಮುದುಕಿಗೆ ಹೇಳಿದಳು. ಈಗ ಅವನಿಗೆ ಮುದುಕಿಯ ಮೇಲೆ ಹೊಟ್ಟೆ ಉರಿಯಿತು, ಲಾರಿಯವನ ಮೇಲೆ ಉರಿದುದಕ್ಕಿಂತ ಹೆಚ್ಚಾಗಿ, ಯಾಕೆಂದರೆ ಲಾರಿಯವನು ಬರೀ ಕಲ್ಪನೆ, ಇವಳ ಹತ್ತಿರ ನಿಜವಾಗಿಯೂ ಅವನಿಗೆ ಸೇರಬೇಕಾದ್ದೊಂದು ಇತ್ತು.

“ನಾನಲ್ಲಮ್ಮ” ಅಂದ. “ನಾನು ಆಫೀಸ್ನೋನು.”

“ಹಂಗಾ. ಇರ್ಲಿ, ಅವಳಿಗೆ ಕೊಡಪ್ಪ.”

“ಅವ್ರು ಕೆಲ್ಸ ಬಿಟ್ರು.”

“ಈಗ ತಾನೇ ನೋಡ್ತಿದ್ನಲ್ಲ ನಾಯನಾ, ಹಸಿರು ಸೀರೆ ಹೊದ್ದಿದ್ಲು.”

“ಅದು ಮೊದಲೇ ತೆಗೆದಿಟ್ಟಿದ್ದು ಅಮ್ಮ. ಹಳೇದನ್ನೇ ಹಾಕ್ತಾವ್ರೆ.” ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಯಾರೋ ಬರೆದಿಟ್ಟದ್ದನ್ನು ಓದುತ್ತಿದ್ದಂತಿತ್ತು.

ಆ ಕಡೆ ಕೋಳಿಯೊಂದು ಕೂಗಿದ್ದು ಕೇಳಿಸಿತು. “ಅದಕ್ಕೇ ಮತ್ತೆ” ಅಂದಳು ಲಕ್ಷ್ಮೀದೇವಿ. “ಇವತ್ತು ನಾನು ಕೇಳಿದ್ದಕ್ಕೆ ಒಂದಕ್ಕೂ ಮಾತಾಡ್ಲಿಲ್ಲ. ನಾನು ಬಂದಿದ್ರೂ ಬಂದಿಲ್ವಾ ಅಂತಿದ್ಲು. ಒಂದು ಮಾತು ಹೇಳ್ದೆ ಹೋದ್ಲಲ್ಲ.” ಆಮೇಲೆ, “ಎಲ್ಲಾದ್ರೂ ಸಿಕ್ರೆ ಹೇಳಪ್ಪ, ಹಸಿರು ಸೀರೇಲಿ ಲಕ್ಷಣವಾಗಿ ಕಾಣ್ತಿದ್ಲು ಅಂತ. ಸೀರೆ ನಮ್ ಹುಡುಗನೇ ಹೋಗಿ ತರ್ತಾನೆ ಬಿಡು, ಎಂಗೋ ಆಗ್ತೈತೆ” ಎಂದು ಫೋನು ಇಟ್ಟಳು.

ಇಟ್ಟ ಮೇಲೆ ಅವನಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು. ಮಹಾಂತೇಶ ಹೇಳಿದ ದೊಡ್ಡ ಪಾರ್ಟಿ ಇದೇ. ತನ್ನ ಕೆಲಸ, ಗೋದಾಮು, ಫೋನಿನ ಹಿಂದೆ ನಿಲ್ಲುವ ತನ್ನ ಒಂದು ಮೊಳ ಜಾಗ, ಎಲ್ಲವೂ ಈ ಫೋನಿನಲ್ಲೇ ಬಂದು ಈ ಫೋನಿನಲ್ಲೇ ಹೋಯಿತು. ನಂಬರು ಇನ್ನೂ ಇತ್ತು. ತಿರುಗಿ ಮಾಡಿ, ತಪ್ಪಾಯಿತಮ್ಮ, ನಾನೇ ಅವಳ ಗಂಡ ಅನ್ನಬಹುದಿತ್ತು. ಬೆರಳು ಹೋಯಿತು ಕೂಡ. ನಾನೇ ಅವಳ ಗಂಡ ಎಂದ ಮೇಲೆ, ಹಾಗಾದರೆ ಯಾಕಪ್ಪ ಹಂಗಂದೆ ಎಂದು ಅವಳು ಕೇಳುತ್ತಾಳೆ, ಅದಕ್ಕೆ ಉತ್ತರ ಕೊಡಬೇಕು. ಜ್ಯೋತಿಗೂ ಕೊಡಬೇಕು. ಅವಳು ನಗುತ್ತಾಳೆ, ಅಥವಾ ನಗುವುದಿಲ್ಲ. ಫೋನನ್ನು ರಾಶಿಯ ಮೇಲೆ ಇಟ್ಟು ಎದ್ದ. ಗೋದಾಮಿನಿಂದ ಅವಳ ದನಿ ಬರುತ್ತಿತ್ತು: “ಇದ್ದೀರಾ ಎಲ್ರೂ? ನಂಗೆ ಇಲ್ಲಿಂದ ಕಾಮೆಂಟ್ ಕಾಣ್ಸಲ್ಲ ಕಣ್ರಿ. ನಮ್ಮೋರು ಒಳಗೆ ಹೋಗವ್ರೆ, ಬರ್ತಾರೆ ಇರ್ರಿ.”

ಅವನು ಬಂದು ಸ್ಟ್ಯಾಂಡಿನ ಹಿಂದೆ ನಿಂತ. ಪರದೆಯ ಮೇಲೆ ಹೊಸ ಸಾಲು ಒಂದೂ ಇರಲಿಲ್ಲ. ಕೆಂಪು ಬುಟ್ಟಾದ್ದನ್ನು ಕೇಳಿದವರೇ ಇಲ್ಲವಾದ್ದರಿಂದ ಅದನ್ನು ಮಡಿಸಿಟ್ಟು ಅವಳು ಮತ್ತೆ ಹಸಿರನ್ನೇ ಹೊದ್ದಿದ್ದಳು. ಪಾಲಾಕ್ಷ ಫೋನಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಎಷ್ಟೋ ಹೊತ್ತಿನಿಂದ ನಿಂತು ನಿಂತು ಒಂದು ಕಾಲಿನ ಮೇಲೆ ಭಾರ ಹಾಕಿದ್ದಳು. ರೇಷ್ಮೆಯ ಕೆಳಗಿನಿಂದ ಮನೆಯ ನೈಲಾನಿನ ತುದಿ ಇಣುಕುತ್ತಿತ್ತು. ಬಾಯಿಗೆ ಒಂದು ಮಾತು ಬಂತು. ಯಾರೂ ಬರೆಯದ, ಯಾರ ಪರವಾಗಿಯೂ ಅಲ್ಲದ ಮಾತು ಅದು ಎಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿತ್ತು. ಆಡಿದ ಮೇಲೆ ಅದೂ ಮುದುಕಿಯದೇ ಎಂದು ಗೊತ್ತಾಯಿತು.

“ಲಕ್ಷಣವಾಗಿ ಕಾಣ್ತೀಯ” ಅಂದ.

“ಥ್ಯಾಂಕ್ಸ್ ಕಣ್ರಿ” ಎಂದಳು ಜ್ಯೋತಿ, ಫೋನಿಗೆ. “ಯಾರು ಬರೆದಿದ್ದು? ಹೆಸ್ರು ಓದಿ.”

ಪಾಲಾಕ್ಷ ಖಾಲಿ ಪರದೆಯನ್ನು ನೋಡಿದ. ಅವಳು ಕಾಯುತ್ತಿದ್ದಳು. ನೋಡುತ್ತಿದ್ದವರು ಯಾರಾದರೂ ಇದ್ದರೆ ಅವರೂ ಕಾಯುತ್ತಿದ್ದರು.

“ಗೋವರ್ಧನ” ಅಂದ.

ಜ್ಯೋತಿಯ ಮುಖ ಅರಳಿತು. ಅರಳಿದ್ದಷ್ಟೇ ಅಲ್ಲ, ಅವಳು ಮಹಾಂತೇಶನ ಮಾತು ಮೀರಿ ಫೋನು ಬಿಟ್ಟು ಕಣ್ಣೆತ್ತಿ ನೇರವಾಗಿ ಗಂಡನ ಮುಖ ನೋಡಿದಳು. ತುಟಿ ಬಿಗಿಹಿಡಿದು, ನಗು ಅಡಗಿಸಿಕೊಂಡು, ಅಲ್ಲಿ ಏನಾಗುತ್ತಿದೆ ಎಂದು ಆಸೆಯಿಂದ ಹುಡುಕುತ್ತಿದ್ದಳು. ಇಷ್ಟು ದಿನ ಅವನು ಪರದೆಯ ಮೇಲೆ ಕಣ್ಣಿಟ್ಟು ಹಲ್ಲು ಕಚ್ಚಿಕೊಂಡು ನಿಂತಿದ್ದಾಗಲೆಲ್ಲ ಅವಳು ಹೀಗೇ ನೋಡಿದ್ದಿರಬೇಕು. ಅವನು ಇವತ್ತು ಮೊದಲ ಸಲ ಕಂಡ.

“ಗೋವರ್ಧನ ಅವ್ರೇ” ಎಂದಳು ಅವನ ಮುಖದಿಂದ ಕಣ್ಣು ತೆಗೆಯದೆ, “ಊಟ ಆಯ್ತಾ ನಿಮ್ದು?”

ಉತ್ತರಕ್ಕಾಗಿ ನಿಂತಳು.

“ಆಯ್ತಂತೆ” ಅಂದ ಪಾಲಾಕ್ಷ.